ಅಳಿವೆಯ ತಿಲಾಪಿಯ ಮೀನು: ಗಂಡು ಹೆಣ್ಣುಗಳನ್ನು ಗುರುತಿಸುವ ಕ್ರಮ

ಕೆರೆಯಲ್ಲಾಗಲಿ ಹಿನ್ನೀರಿನ ಹೊಂಡದಲ್ಲಾಗಲಿ ಮೀನನ್ನು ಬಿಟ್ಟ ಹಿಡುವಳಿದಾರನು ವರ್ಷಾಂತ್ಯದಲ್ಲಿ ಬಲೆಯನ್ನು ಎಳೆಯಿಸಿದಾಗ, ಬುಟ್ಟಿಯ ತುಂಬ ಅಂಗೈಯಗಲದ ಮೀನುಗಳೇ ಬರುವುದುಂಟು. ಇವು ಇನ್ನೂ ಮರಿಗಳು, ಮುಂದಿನ ವರ್ಷಕ್ಕೆ ದೊಡ್ಡವಾದಾವು ಎಂದು ಬಗೆದು ಅವನು ಅವುಗಳನ್ನು ಮರಳಿ ನೀರಿಗೆ ಬಿಡಿಸುತ್ತಾನೆ. ಮುಂದಿನ ವರ್ಷವೂ ಅದೇ ಅಳತೆಯ ಮೀನೇ ಬರುತ್ತದೆ. ಸಂಖ್ಯೆಯು ಮಾತ್ರ ಹೆಚ್ಚಾಗಿರುತ್ತದೆ. ಮೂರನೆಯ ವರ್ಷದಲ್ಲಿ ಕೊಳ್ಳುವವರೇ ಇಲ್ಲದಂತಾಗಿ, ಕೆರೆಯ ಮೀನನ್ನು ಗುತ್ತಿಗೆಗೆ ಹಿಡಿದವನು ಕೈಸುಟ್ಟುಕೊಳ್ಳುತ್ತಾನೆ. ಈ ನಷ್ಟಕ್ಕೆ ನೀರಿನ ದೋಷವಾಗಲಿ ಮೇವಿನ ಕೊರತೆಯಾಗಲಿ ಮೊದಲ ಕಾರಣವಲ್ಲ. ಅವನು ಮರಿಗಳೆಂದು ಬಗೆದು ಬಿಟ್ಟವುಗಳಲ್ಲಿ ಬಹುಪಾಲು ಬಲಿತ ಮೀನುಗಳು. ಅವುಗಳಲ್ಲಿ ಅನೇಕವು ಆಗಲೇ ಹಲವು ಸಲ ಮರಿಮಾಡಿದ ತಾಯಿಗಳು. ಗಂಡಾವುದು, ಹೆಣ್ಣಾವುದು ಎಂಬ ತಿಳಿವಳಿಕೆಯಿದ್ದಿದ್ದರೆ ಆ ತಪ್ಪು ಮೊದಲ ವರ್ಷದಲ್ಲಿಯೇ ತಿಳಿದುಬರುತ್ತಿತ್ತು. ಆದಕಾರಣ ಈ ಮೀನಿನ ಎರಡು ಜಾತಿಗಳ ಅಂಗಲಕ್ಷಣಗಳನ್ನೂ ಅವುಗಳನ್ನು ಪರೀಕ್ಷಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಮೀನಿನ ಪರಿಚಯ

ನಮ್ಮ ಸಂತೆಗಳಲ್ಲಿ ಜಿಲೇಬಿ ಮೀನೆಂದು ಮಾರುವ ತಿಲಾಪಿಯವು ಈ ನಾಡಿನ ಮೀನಲ್ಲ. ಇದರ ಮೂಲಸ್ಥಾನವು ಆಫ್ರಿಕಾ ಖಂಡದ ಆಗ್ನೇಯ ಕರಾವಳಿ. ಜಾಂಬೆಜಿ ನದಿಯ ಕೆಳಪಾತ್ರದಿಂದ ಮೊದಲ್ಗೊಂಡು ದಕ್ಷಿಣಕ್ಕೆ ಲಿಂಪೊಪೊ ನದಿಯನ್ನು ದಾಟಿ ದಕ್ಷಿಣ ಆಫ್ರಿಕಾದ ಪೂರ್ವತೀರದವರೆಗೆ, ನದಿಗಳು ಕಡಲನ್ನು ಸೇರುವ ಅಳಿವೆಗಳಲ್ಲಿಯೂ ತೀರದ ಸರೋವರಗಳಲ್ಲಿಯೂ ಇದು ಸಹಜವಾಗಿ ವಾಸಿಸುತ್ತದೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವಿಲ್ಹೆಲ್ಮ್ ಪೀಟರ್ಸ್ ಎಂಬವರು 1852ರಲ್ಲಿ ಇದನ್ನು ವರ್ಣಿಸಿ, ಮೊಜಾಂಬಿಕ್ ದೇಶದ ಹೆಸರನ್ನೇ ಇದಕ್ಕೆ ಇಟ್ಟರು. ಈಗಿನ ಶಾಸ್ತ್ರೀಯ ನಾಮವು ಒರಿಯೊಕ್ರೊಮಿಸ್ ಮೊಸಾಂಬಿಕಸ್ ಎಂಬುದು.

ಏಷ್ಯಾ ಖಂಡದಲ್ಲಿ ಈ ಮೀನಿನ ಕಥೆ ಆರಂಭವಾದದ್ದೂ ಒಂದು ಅಳಿವೆಯಿಂದಲೇ. 1930ರ ದಶಕದ ಕೊನೆಯ ಭಾಗದಲ್ಲಿ ಜಾವ ದ್ವೀಪದ ದಕ್ಷಿಣ ತೀರದಲ್ಲಿ, ಸೆರಾಂಗ್ ನದಿಯ ಮುಖದಲ್ಲಿ, ಮುಜಾಯಿರ್ ಎಂಬ ಗ್ರಾಮಸ್ಥನಿಗೆ ಕೆಲವೇ ಮೀನುಗಳು ದೊರೆತವು. ಹೆಣ್ಣು ಮೀನು ಬಾಯಲ್ಲಿ ಮರಿಗಳನ್ನಿಟ್ಟು ಕಾಯುವುದನ್ನು ಕಂಡು ಅಚ್ಚರಿಗೊಂಡ ಅವನು ಅವುಗಳನ್ನು ಮನೆಗೆ ತಂದು ಸಿಹಿನೀರಿಗೆ ಒಗ್ಗಿಸಿದನು. ಇಂಡೊನೇಷ್ಯದಲ್ಲಿ ಈ ಮೀನಿಗೆ ಇಂದಿಗೂ ಅವನ ಹೆಸರೇ ಇದೆ. ಅಲ್ಲಿಂದ ಅದು ಏಷ್ಯಾದ ಹಲವು ದೇಶಗಳಿಗೆ ಹರಡಿತು. 1952ರಲ್ಲಿ ಭಾರತಕ್ಕೂ ಬಂದಿತು. ಬಂದ ಕೆಲವೇ ವರ್ಷಗಳಲ್ಲಿ ಕೆರೆಗಳನ್ನು ಸಣ್ಣ ಮೀನುಗಳಿಂದ ತುಂಬಿ, ಕಾಟ್ಲ, ರೋಹು, ಮೃಗಾಲಗಳ ಮೇವಿಗೆ ಪಾಲುಗಾರನಾದುದರಿಂದ 1959ರಲ್ಲಿ ಇದನ್ನು ಹೊಸ ನೀರುಗಳಿಗೆ ಹರಡಬಾರದೆಂದು ನಿರ್ಬಂಧ ಹೇರಲಾಯಿತು. ಅಷ್ಟರಲ್ಲಿ ದಕ್ಷಿಣ ಭಾರತದ ಅನೇಕ ಕೆರೆಗಳಲ್ಲಿ ಇದು ನೆಲೆಯೂರಿಯಾಗಿತ್ತು.

ಅಳಿವೆಯಲ್ಲಿ ಇದರ ಜೀವನ

ಅಳಿವೆಯೆಂದರೆ ಸಿಹಿನೀರೂ ಕಡಲನೀರೂ ಕೂಡುವ ಸ್ಥಳ. ಮಳೆಗಾಲದಲ್ಲಿ ಅಲ್ಲಿಯ ನೀರು ಹೊಳೆಯ ನೀರಿನಂತೆಯೇ ಸಪ್ಪೆಯಾಗಿರುವುದು. ಬೇಸಗೆಯಲ್ಲಿ ಕಡಲಿನಷ್ಟೇ ಉಪ್ಪಾಗುವುದು. ಕಡಲ ನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಉಪ್ಪಿರುತ್ತದೆ. ಕೆರೆಯ ಮೀನುಗಳು ಇಷ್ಟು ಉಪ್ಪಿನಲ್ಲಿ ಸಾಯುವುವು. ತಿಲಾಪಿಯವಾದರೋ ಅಲ್ಲಿ ಬದುಕುವುದಷ್ಟೇ ಅಲ್ಲ, ಮರಿಯನ್ನೂ ಮಾಡುತ್ತದೆ. ದಕ್ಷಿಣ ಆಫ್ರಿಕಾದ ಸೇಂಟ್ ಲೂಸಿಯ ಅಳಿವೆಯಲ್ಲಿ ಅನಾವೃಷ್ಟಿಯ ವರ್ಷಗಳಲ್ಲಿ ನೀರಿನ ಉಪ್ಪು ಕಡಲಿನದನ್ನೂ ಬಹಳವಾಗಿ ಮೀರಿದಾಗ, ಉಳಿದ ಮೀನುಗಳು ಅಳಿದರೂ ಇದು ಉಳಿದುಕೊಂಡುದುಂಟು. ಇದಕ್ಕಿರುವ ಮುಖ್ಯ ಶತ್ರುವೆಂದರೆ ಚಳಿ.

ಅಳಿವೆಯಲ್ಲಿದ್ದರೂ ಎಲ್ಲ ಭಾಗವೂ ಇದಕ್ಕೆ ಒಪ್ಪುವುದಿಲ್ಲ. ಉಬ್ಬರವಿಳಿತಗಳ ಸೆಳೆತವು ಬಲವಾಗಿರುವ ನಡುಪಾತ್ರವನ್ನು ಬಿಟ್ಟು, ದಡದ ಬದಿಯ ಆಳವಿಲ್ಲದ, ಬೆಚ್ಚಗಿನ, ಸೆಳೆತವಿಲ್ಲದ ನೀರನ್ನು ಇದು ಹುಡುಕುತ್ತದೆ. ಮರಳುದಿಣ್ಣೆ ಬೆಳೆದು ಕಡಲಿನ ಬಾಯಿ ಮುಚ್ಚಿಹೋದ ಅಳಿವೆಗಳಲ್ಲಿ ನೀರು ನಿಂತು, ಮಟ್ಟವು ಹೆಚ್ಚು ಏರುಪೇರಾಗದಿರುವುದರಿಂದ, ಅಲ್ಲಿ ಇದರ ಸಂತಾನವು ಬಲುಬೇಗ ಹೆಚ್ಚುವುದು. ಬಾಯಿ ಒಡೆದು ನೀರು ಒಮ್ಮೆಲೇ ಕಡಲಿಗೆ ಇಳಿದಾಗ ದಡದ ಗೂಡುಗಳು ಬಯಲಾಗಿ ಒಣಗುತ್ತವೆ.

ಗಂಡು ಹೆಣ್ಣುಗಳ ಅಂಗಗಳಲ್ಲಿ ಏಕೆ ಭೇದವಿದೆಯೆಂಬುದು ಇವುಗಳ ಸಂಸಾರದ ರೀತಿಯನ್ನು ತಿಳಿದರೆ ಅರ್ಥವಾಗುವುದು. ಗಂಡು ಮೀನು ದಡದ ಹತ್ತಿರ ಮರಳನ್ನೋ ಕೆಸರನ್ನೋ ಬಾಯಿಂದ ಕಚ್ಚಿ ತೆಗೆದು ಬಟ್ಟಲಿನ ಆಕಾರದ ಗುಂಡಿಯನ್ನು ಮಾಡುತ್ತದೆ. ಅಕ್ಕಪಕ್ಕದಲ್ಲಿ ಇತರ ಗಂಡುಗಳೂ ಗುಂಡಿಗಳನ್ನು ಮಾಡಿಕೊಂಡು, ತಮ್ಮ ತಮ್ಮ ಎಲ್ಲೆಯನ್ನು ಕಾಯುತ್ತ, ಬಾಯಿಗೆ ಬಾಯಿ ಕೊಟ್ಟು ಕಾದಾಡುತ್ತವೆ. ಹೆಣ್ಣು ಮೀನು ಅಲ್ಲಿಗೆ ಬಂದು ಗುಂಡಿಯಲ್ಲಿ ತತ್ತಿಯಿಟ್ಟು, ಕೂಡಲೇ ಅವನ್ನು ಬಾಯೊಳಗೆ ಎತ್ತಿಕೊಂಡು, ಗಂಡಿನಿಂದ ದೂರವಾಗಿ ಜೊಂಡು ಕಳೆಗಳ ಮರೆಗೆ ಹೊರಟುಹೋಗುವುದು. ತತ್ತಿಗಳು ಒಡೆಯಲು 3ರಿಂದ 5 ದಿನ ಹಿಡಿಯುವುದು. ಮರಿಗಳು ಸುಮಾರು 10ರಿಂದ 14 ದಿನ ತಾಯಿಯ ಬಾಯಲ್ಲಿಯೇ ಇರುವುವು. ಆಮೇಲೆಯೂ ಕೆಲವು ದಿನ ಅಪಾಯ ಕಂಡೊಡನೆ ಅಲ್ಲಿಗೇ ನುಗ್ಗುವುವು. ಈ ಕಾಲದಲ್ಲಿ ತಾಯಿಯು ಆಹಾರವನ್ನು ಬಹುಮಟ್ಟಿಗೆ ಬಿಟ್ಟಿರುತ್ತದೆ. ಸಣ್ಣ ತಾಯಿಯ ಬಾಯಲ್ಲಿ ನೂರರಷ್ಟು, ದೊಡ್ಡದರಲ್ಲಿ ಸಾವಿರಕ್ಕೂ ಮೇಲ್ಪಟ್ಟು ತತ್ತಿಗಳಿರಬಹುದು. ನೀರು ಬೆಚ್ಚಗಿದ್ದರೆ ವರ್ಷದಲ್ಲಿ ಹಲವು ಸಲ ಇದೇ ಕ್ರಮವು ನಡೆಯುವುದು.

ಗುಂಡಿ ತೋಡುವುದೂ ಕಾದಾಡುವುದೂ ಗಂಡಿನ ಕೆಲಸ. ಹೊತ್ತು ಕಾಯುವುದು ಹೆಣ್ಣಿನ ಕೆಲಸ. ಅಂಗಗಳ ಭೇದವೆಲ್ಲವೂ ಈ ಎರಡು ಕೆಲಸಗಳಿಗೆ ಅನುಗುಣವಾಗಿಯೇ ಇದೆ.

ಗಂಡಿನ ಲಕ್ಷಣಗಳು

1. ಗಾತ್ರ. ಒಂದೇ ವಯಸ್ಸಿನ ಮೀನುಗಳಲ್ಲಿ ಗಂಡು ದೊಡ್ಡದು. ಹೆಣ್ಣು ತಿಂದುದರಲ್ಲಿ ಬಹುಭಾಗವು ತತ್ತಿಗೆ ಹೋಗುವುದು. ಮರಿಯನ್ನು ಕಾಯುವಾಗ ಉಪವಾಸವೂ ಸೇರುವುದು. ಗಂಡಿಗೆ ಈ ವೆಚ್ಚಗಳಿಲ್ಲ. ಅನುಕೂಲವಾದ ನೀರಿನಲ್ಲಿ ಗಂಡು ಒಂದು ಕಿಲೋಗ್ರಾಮಿಗೂ ಮಿಕ್ಕಿ ಬೆಳೆದುದುಂಟು.

2. ದವಡೆ ಮತ್ತು ಮುಖ. ಬಲಿತ ಗಂಡಿನ ದವಡೆಗಳು ಹಿಗ್ಗಿ, ತುಟಿಗಳು ದಪ್ಪನಾಗಿ, ಬಾಯಿ ಅಗಲವಾಗುತ್ತದೆ. ಪಕ್ಕದಿಂದ ನೋಡಿದರೆ ಹಣೆಯಿಂದ ಮೂತಿಯವರೆಗಿನ ಗೆರೆಯು ಒಳಕ್ಕೆ ಬಾಗಿದಂತೆ ಕಾಣುವುದು. ವಯಸ್ಸಾದಂತೆ ಈ ಬಾಗು ಹೆಚ್ಚುವುದು.

3. ಬಣ್ಣ. ಗೂಡನ್ನು ಕಾಯುವ ಗಂಡಿನ ಮೈ ಕಪ್ಪಾಗುವುದು. ಗಂಟಲೂ ಗಲ್ಲದ ಕೆಳಭಾಗವೂ ಬಿಳಿಯಾಗುವುವು. ಬೆನ್ನಿನ ಈಜುರೆಕ್ಕೆಯ ಅಂಚೂ ಬಾಲದ ಅಂಚೂ ಕೆಂಪಾಗುವುವು. ಕಪ್ಪು ಮೈ, ಬಿಳಿ ಗಂಟಲು, ಕೆಂಪು ಅಂಚು, ಈ ಮೂರೂ ಸೇರಿದ್ದರೆ ಅದು ನಿಸ್ಸಂದೇಹವಾಗಿ ಗಂಡು.

4. ಈಜುರೆಕ್ಕೆಗಳು. ಬೆನ್ನಿನ ರೆಕ್ಕೆಯ ಹಿಂತುದಿಯೂ ಹೊಟ್ಟೆಯಡಿಯ ಹಿಂದಿನ ರೆಕ್ಕೆಯ ತುದಿಯೂ ಉದ್ದವಾಗಿ ಚೂಪಾಗಿ ಬಾಲದ ಕಡೆಗೆ ಚಾಚಿರುವುವು.

ಹೆಣ್ಣಿನ ಲಕ್ಷಣಗಳು

1. ಹೆಣ್ಣಿನ ದೇಹವು ಅಷ್ಟು ದೊಡ್ಡದಲ್ಲ; ದವಡೆಗಳು ಚಿಕ್ಕವು; ಮುಖದ ಗೆರೆಯು ನೇರವಾಗಿಯೋ ತುಸು ಉಬ್ಬಿಯೋ ಇರುವುದು.

2. ಬಣ್ಣವು ಬೂದು ಬೆರೆತ ಬೆಳ್ಳಿಯಂತೆ ಅಥವಾ ಮಾಸಿದ ಹಳದಿಯಂತೆ ಇರುವುದು. ಪಕ್ಕೆಯ ನಡುವೆ 2ರಿಂದ 5 ಕಪ್ಪು ಮಚ್ಚೆಗಳು ಸಾಲಾಗಿ ಕಾಣುವುವು.

3. ರೆಕ್ಕೆಗಳ ತುದಿಗಳು ಮೊಂಡಾಗಿಯೂ ಗಿಡ್ಡವಾಗಿಯೂ ಇರುವುವು.

4. ತತ್ತಿಯನ್ನೋ ಮರಿಯನ್ನೋ ಹೊತ್ತಿರುವ ಹೆಣ್ಣಿನ ಗಂಟಲು ಚೀಲದಂತೆ ಕೆಳಕ್ಕೆ ಜೋಲಿರುವುದು. ಉಪವಾಸದಿಂದ ಮೈ ಇಳಿದಿರುವುದರಿಂದ ತಲೆಯೇ ದೊಡ್ಡದಾಗಿ ಕಾಣುವುದು. ಬಲೆಯಲ್ಲಿ ಸಿಕ್ಕ ಇಂತಹ ಮೀನು ಬಾಯಲ್ಲಿದ್ದುದನ್ನು ಉಗುಳಿಬಿಡುವುದುಂಟು. ಬಲೆಯ ತಳದಲ್ಲಿ ಸಾಸಿವೆಗಿಂತ ತುಸು ದೊಡ್ಡವಾದ ಹಳದಿ ತತ್ತಿಗಳು ಚೆಲ್ಲಿರುವುದನ್ನು ಕಂಡರೆ, ಹಿಡಿತದಲ್ಲಿ ತಾಯಿ ಮೀನುಗಳಿವೆಯೆಂದು ತಿಳಿಯತಕ್ಕದ್ದು.

ಬಣ್ಣವೊಂದನ್ನೇ ನಂಬಬಾರದು

ಹೊರಲಕ್ಷಣಗಳಿಂದ ದೊಡ್ಡ ಮೀನುಗಳನ್ನು ಗುರುತಿಸುವುದು ಸುಲಭ. ಆದರೆ ಮೋಸಹೋಗುವ ಸಂದರ್ಭಗಳು ಮೂರಿವೆ.

ಮೊದಲನೆಯದು, ಗೂಡಿಲ್ಲದ ಗಂಡು. ಬಲವಾದ ಗಂಡುಗಳಿಗೆ ಸೋತು ಎಲ್ಲೆಯನ್ನು ಕಳೆದುಕೊಂಡ ಗಂಡು ತನ್ನ ಕಪ್ಪು ಬಣ್ಣವನ್ನೂ ಕಳೆದುಕೊಂಡು ಹೆಣ್ಣಿನಂತೆ ಬೆಳ್ಳಗೆ ಕಾಣುವುದು. ಗೂಡಿನ ಗಂಡು ಕೂಡ ಬಲೆಗೆ ಸಿಕ್ಕಿ ಬೆದರಿದಾಗ ಬೇಗ ಬಣ್ಣ ಬಿಡುವುದುಂಟು. ಆದಕಾರಣ ಬೆಳ್ಳಗಿರುವುದೆಲ್ಲವೂ ಹೆಣ್ಣಲ್ಲ.

ಎರಡನೆಯದು, ಎಳೆಯ ಮೀನು. ಮರಿಗಳಲ್ಲಿ ಗಂಡು ಹೆಣ್ಣೆರಡಕ್ಕೂ ಪಕ್ಕೆಯ ಮೇಲೆ ಅಡ್ಡಪಟ್ಟೆಗಳೂ ಬೆನ್ನಿನ ರೆಕ್ಕೆಯ ಮೇಲೆ ಒಂದು ಕಪ್ಪು ಬೊಟ್ಟೂ ಇರುವುವು. ಆಗ ಬಣ್ಣದಿಂದ ಯಾವ ಭೇದವೂ ತಿಳಿಯದು.

ಮೂರನೆಯದು, ಕುಗ್ಗಿದ ಮೀನು. ನೀರು ಕಿರಿದಾಗಿ ಮೀನು ಹೆಚ್ಚಾದಲ್ಲಿ ತಿಲಾಪಿಯವು ಬೆಳೆಯುವುದನ್ನು ನಿಲ್ಲಿಸಿ ಮರಿಮಾಡುವುದಕ್ಕೆ ತೊಡಗುತ್ತದೆ. ವಿಶಾಲವಾದ ನೀರಿನಲ್ಲಿ ದೊಡ್ಡದಾದ ಮೇಲೆ ಬಲಿಯುವ ಈ ಮೀನು, ಇಕ್ಕಟ್ಟಿನಲ್ಲಿ ಹುಟ್ಟಿದ ಎರಡು ಮೂರು ತಿಂಗಳಿಗೇ, 3 ಅಥವಾ 4 ಅಂಗುಲದ ಅಳತೆಯಲ್ಲಿಯೇ ಬಲಿಯುವುದು. ಇಂತಹ ಗಿಡ್ಡ ಗಂಡಿನಲ್ಲಿ ದವಡೆಯ ಹಿಗ್ಗು ಅಷ್ಟಾಗಿ ಕಾಣಿಸದು. ಪ್ರಾರಂಭದಲ್ಲಿ ಹೇಳಿದ ಹಿಡುವಳಿದಾರನು ಮೋಸಹೋದುದು ಇಲ್ಲಿಯೇ. ಅಂಗೈಯಗಲದ ಮೀನು ಮರಿಯೋ ಮುದಿಯೋ ಎಂಬುದು ಅಳತೆಯಿಂದ ತಿಳಿಯದು. ಗಂಟಲನ್ನೂ ಹೊಟ್ಟೆಯ ಕೆಳಭಾಗವನ್ನೂ ನೋಡಿಯೇ ತಿಳಿಯಬೇಕು.

ನಿಶ್ಚಯವಾದ ಪರೀಕ್ಷೆ

ಮೀನು ಸುಮಾರು 4 ಅಂಗುಲ ಉದ್ದವೂ 30 ಗ್ರಾಮು ತೂಕವೂ ಆದ ಮೇಲೆ, ಹೊಟ್ಟೆಯ ಕೆಳಗಿರುವ ರಂಧ್ರಗಳನ್ನು ನೋಡಿ ಜಾತಿಯನ್ನು ನಿಶ್ಚಯಿಸಬಹುದು. ಇದಕ್ಕೆ ಒಂದು ಒದ್ದೆಬಟ್ಟೆಯೂ ಹಗಲಿನ ಒಳ್ಳೆಯ ಬೆಳಕೂ ಸಾಕು.

ಒದ್ದೆಬಟ್ಟೆಯಲ್ಲಿ ಮೀನನ್ನು ಹಿಡಿದು, ಬೆನ್ನಿನ ಮುಳ್ಳುಗಳನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿ ಮಡಿಸಿ, ಹೊಟ್ಟೆ ಮೇಲಾಗುವಂತೆ ತಿರುಗಿಸಬೇಕು. ಒಣಗೈಯಿಂದ ಹಿಡಿದರೆ ಮೈಮೇಲಿನ ಲೋಳೆಯು ಕಿತ್ತುಹೋಗಿ ಮೀನಿಗೆ ಹುಣ್ಣಾಗುವುದು. ಹೊಟ್ಟೆಯಡಿಯ ಹಿಂದಿನ ರೆಕ್ಕೆಯ ಮುಂದುಗಡೆಯಲ್ಲಿ ಮೊದಲು ಮಲದ್ವಾರವೂ, ಅದರ ಹಿಂದೆ ಬಾಲದ ಕಡೆಗೆ ಮಾಂಸದ ಒಂದು ಸಣ್ಣ ಮೊಗ್ಗೂ ಕಾಣುವುವು. ಭೇದವೆಲ್ಲವೂ ಈ ಮೊಗ್ಗಿನಲ್ಲಿದೆ.

ಗಂಡಿನಲ್ಲಿ ಮೊಗ್ಗು ಉದ್ದವಾಗಿ ಚೂಪಾಗಿರುವುದು. ಅದರ ತುದಿಯಲ್ಲಿ ಒಂದೇ ರಂಧ್ರವಿರುವುದು. ಮೂತ್ರವೂ ವೀರ್ಯವೂ ಅದರಿಂದಲೇ ಬರುವುವು. ಮಲದ್ವಾರವನ್ನು ಸೇರಿಸಿದರೆ ಒಟ್ಟು ರಂಧ್ರಗಳು ಎರಡು.

ಹೆಣ್ಣಿನಲ್ಲಿ ಮೊಗ್ಗು ದುಂಡಗೆ, ಅಗಲವಾಗಿ, ಮೊಂಡಾಗಿರುವುದು. ಅದರ ಮೇಲೆ ಅಡ್ಡಲಾಗಿ ಸೀಳಿದಂತೆ ತತ್ತಿಯ ದ್ವಾರವೂ, ತುದಿಯಲ್ಲಿ ಸೂಜಿಮೊನೆಯಷ್ಟು ಮೂತ್ರದ ರಂಧ್ರವೂ ಇರುವುವು. ಮಲದ್ವಾರದೊಡನೆ ಒಟ್ಟು ರಂಧ್ರಗಳು ಮೂರು.

ಎರಡಾದರೆ ಗಂಡು, ಮೂರಾದರೆ ಹೆಣ್ಣು ಎಂಬುದೇ ನೆನಪಿಡತಕ್ಕ ಸೂತ್ರ. ಅಡ್ಡಸೀಳು ಸ್ಪಷ್ಟವಾಗಿ ಕಾಣದಿದ್ದರೆ, ಹತ್ತಿಯ ತುದಿಯನ್ನು ನೀಲಿ ಬಣ್ಣದಲ್ಲಿ ಅದ್ದಿ ಮೊಗ್ಗಿನ ಮೇಲೆ ಮೃದುವಾಗಿ ಒರೆಸಬೇಕು. ಬಣ್ಣವು ಸೀಳಿನಲ್ಲಿ ನಿಂತು ಗೆರೆಯಂತೆ ಎದ್ದುಕಾಣುವುದು. ಬಲಿತ ಮೀನಿನ ಹೊಟ್ಟೆಯನ್ನು ಹಿಂದಕ್ಕೆ ಮೆಲ್ಲನೆ ನೀವಿದರೆ ಗಂಡಿನಿಂದ ಹಾಲಿನಂತಹ ದ್ರವವೂ ಹೆಣ್ಣಿನಿಂದ ಹಳದಿ ತತ್ತಿಗಳೂ ಹೊರಬರಬಹುದು; ಬಲವಾಗಿ ಒತ್ತಬಾರದು. ಇಷ್ಟಾದರೂ ಎಳೆಯ ಮೀನುಗಳನ್ನು ಆಯುವಾಗ ನುರಿತ ಕೈಯೂ ನೂರಕ್ಕೆ ಕೆಲವನ್ನು ತಪ್ಪುವುದುಂಟು. ಆದುದರಿಂದ ಆರಿಸಿದ ಗಂಡುಗಳನ್ನು ಇನ್ನೊಬ್ಬರಿಂದ ಮತ್ತೊಮ್ಮೆ ನೋಡಿಸುವುದು ಕ್ಷೇಮ.

ಬೇರೆ ಮೀನುಗಳೊಡನೆ ಗೊಂದಲವಾಗದಿರಲು

ಈ ಲಕ್ಷಣಗಳು ಮೊಜಾಂಬಿಕ್ ತಿಲಾಪಿಯಕ್ಕೆ ಸಂಬಂಧಿಸಿದವು. ಈಗ ಹೊಂಡಗಳಲ್ಲಿ ಹೆಚ್ಚಾಗಿ ಸಾಕುವ ನೈಲ್ ತಿಲಾಪಿಯದ ಬಾಲದ ಮೇಲೆ ಮೇಲಿನಿಂದ ಕೆಳಕ್ಕೆ ಒತ್ತಾದ ಗೆರೆಗಳಿರುವುವು. ಮೊಜಾಂಬಿಕ್ ತಿಲಾಪಿಯಕ್ಕೆ ಅವು ಇಲ್ಲ. ರಂಧ್ರಗಳ ಲೆಕ್ಕವು ಎರಡಕ್ಕೂ ಒಂದೇ. ಪಶ್ಚಿಮ ಆಫ್ರಿಕಾದ ಅಳಿವೆಗಳಲ್ಲಿರುವ ಕಪ್ಪುಗಲ್ಲದ ತಿಲಾಪಿಯದಲ್ಲಿ ಸಾಧಾರಣವಾಗಿ ಗಂಡೇ ತತ್ತಿಯನ್ನು ಬಾಯಲ್ಲಿ ಹೊರುವುದರಿಂದ, ಅಲ್ಲಿ ಜೋಲಿದ ಗಂಟಲು ಗಂಡಿನ ಗುರುತು. ನಮ್ಮ ಕರಾವಳಿಯ ಅಳಿವೆಗಳಲ್ಲಿಯೇ ಇರುವ, ಮಲೆಯಾಳಿಗಳು ಕರಿಮೀನೆಂದು ಕರೆಯುವ ದೇಶೀಯ ಮೀನು ಇದರ ದೂರದ ಬಂಧು. ಅದರಲ್ಲಿ ಗಂಡೂ ಹೆಣ್ಣೂ ಹೊರನೋಟಕ್ಕೆ ಬಹುಮಟ್ಟಿಗೆ ಒಂದೇ ತೆರನಾಗಿದ್ದು, ಕಲ್ಲು ಕಟ್ಟಿಗೆಗಳಿಗೆ ಅಂಟಿಸಿದ ತತ್ತಿಗಳನ್ನು ಎರಡೂ ಸೇರಿ ಕಾಯುವುವು.

ಈ ತಿಳಿವಳಿಕೆಯ ಪ್ರಯೋಜನ

ಗಂಡುಗಳನ್ನು ಮಾತ್ರ ಆರಿಸಿ ಬಿಟ್ಟರೆ ಹೊಂಡದಲ್ಲಿ ಮರಿಗಳ ಸಂದಣಿಯಾಗದೆ, ಬಿಟ್ಟ ಮೀನೆಲ್ಲವೂ ಮಾರುವ ಗಾತ್ರಕ್ಕೆ ಬರುವುದು. ಕೈಯಿಂದ ಆರಿಸುವ ಕಷ್ಟವನ್ನು ತಪ್ಪಿಸುವ ಉಪಾಯಗಳೂ ಹುಟ್ಟಿವೆ. ಮಲಕ್ಕಾದಲ್ಲಿ ಹಿಕ್ಲಿಂಗ್ ಎಂಬ ವಿದ್ವಾಂಸರು ಮೊಜಾಂಬಿಕ್ ಹೆಣ್ಣನ್ನು ಹಾರ್ನೊರಮ್ ಎಂಬ ಇನ್ನೊಂದು ಬಗೆಯ ಗಂಡಿನೊಡನೆ ಕೂಡಿಸಿದಾಗ ಮರಿಗಳೆಲ್ಲವೂ ಗಂಡುಗಳೇ ಆದುದನ್ನು 1960ರಲ್ಲಿ ಪ್ರಕಟಿಸಿದರು. ಎಳೆಯ ಮರಿಗಳಿಗೆ ಸುಮಾರು ಮೂರು ನಾಲ್ಕು ವಾರ ಹಾರ್ಮೋನು ಬೆರೆಸಿದ ಆಹಾರವನ್ನು ಕೊಟ್ಟು ಗಂಡುಗಳನ್ನಾಗಿಸುವ ಕ್ರಮವು ಮರಿ ಉತ್ಪಾದಿಸುವ ಕೇಂದ್ರಗಳಲ್ಲಿ ಈಗ ಸಾಮಾನ್ಯವಾಗಿದೆ. ಆದರೆ ಗಂಡು ಮರಿಗಳೆಂದು ಹಣಕೊಟ್ಟು ತಂದವು ನಿಜವಾಗಿ ಗಂಡುಗಳೇ ಎಂಬುದನ್ನು ಕೊನೆಗೆ ತಿಳಿಯುವುದು ಮೇಲ್ಕಂಡ ಪರೀಕ್ಷೆಯಿಂದಲೇ.

ತಪ್ಪಿದರೆ ಆಗುವುದೇನೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. 100 ಮೀನುಗಳಲ್ಲಿ 5 ಹೆಣ್ಣುಗಳು ಉಳಿದವೆಂದೂ, ಒಂದೊಂದರ ಬಾಯಿಂದ ಸಲಕ್ಕೆ 200 ಮರಿಗಳಷ್ಟೇ ಬದುಕಿಬಂದವೆಂದೂ ಇಟ್ಟುಕೊಂಡರೂ, ಒಂದೇ ಸಲಕ್ಕೆ ಹೊಂಡಕ್ಕೆ 1000 ಮರಿಗಳು ಸೇರುವುವು. ಮೂರು ಸಲವಾದರೆ 3000. ಇವುಗಳಿಗೆ ಮೇವನ್ನು ಹಾಕುವವನು ಹಿಡುವಳಿದಾರನೇ.

ಬಲೆಯ ಹಿಡಿತವನ್ನು ನೋಡಿ ನೀರಿನಲ್ಲಿರುವ ಗಂಡು ಹೆಣ್ಣುಗಳ ಪ್ರಮಾಣವನ್ನು ಊಹಿಸುವಾಗಲೂ ಎಚ್ಚರ ಬೇಕು. ದಡದ ಗೂಡುಗಳ ಮೇಲೆ ಬೀಸುಬಲೆ ಹಾಕಿದರೆ ಗಂಡುಗಳೇ ಹೆಚ್ಚಾಗಿ ಸಿಕ್ಕುವುವು. ಮರಿ ಹೊತ್ತ ತಾಯಿಗಳು ಜೊಂಡಿನ ಮರೆಯಲ್ಲಿ ಉಳಿದಿರುವುವು. ಹೀಗೆ ಗಂಡುಗಳನ್ನೆಲ್ಲ ಹಿಡಿದು ತೀರಿಸಿದೆವೆಂದು ಸಂತೋಷಪಡುವ ಹೊತ್ತಿಗೆ ಹೊಸ ಮರಿಗಳು ಹೊರಬಂದಿರುವುವು. ಸಂದಣಿಯನ್ನು ಇಳಿಸಬೇಕಾದಲ್ಲಿ ಜೊಂಡಿನ ಅಂಚಿನಲ್ಲಿ ಸಣ್ಣಕಣ್ಣಿನ ಬಲೆಯನ್ನೆಳೆದು, ಗಂಟಲು ಜೋಲಿದ ಮೀನುಗಳನ್ನು ಮೊದಲು ತೆಗೆಯಬೇಕು. ಒಂದು ತಾಯಿಯನ್ನು ತೆಗೆದರೆ ಅದರ ಬಾಯಲ್ಲಿರುವ ನೂರಾರನ್ನೂ ತೆಗೆದಂತಾಗುವುದು.

ಗಜನಿಯವರಿಗೆ ವಿಶೇಷ ಎಚ್ಚರಿಕೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಘನಾಶಿನಿಯ ಅಳಿವೆಯ ಬದಿಯಲ್ಲಿರುವ ಗಜನಿ ಭೂಮಿಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಮೀನು ಸೀಗಡಿಗಳನ್ನು ಹಿಡಿಯುವ ಪದ್ಧತಿಯುಂಟು. ಕಟ್ಟೆಯೊಳಗೆ ನಿಂತ, ಆಳವಿಲ್ಲದ, ಬೆಚ್ಚಗಿನ ಉಪ್ಪುನೀರು ತಿಲಾಪಿಯಕ್ಕೆ ಹೇಳಿಮಾಡಿಸಿದಂತಹ ಸ್ಥಳ. ಅಲ್ಲಿಗೆ ಇದನ್ನು ಬಿಟ್ಟವನ ಮೀನು ಅವನ ಕಟ್ಟೆಯೊಳಗೇ ನಿಲ್ಲುವುದೆಂದು ನಂಬುವಂತಿಲ್ಲ. ಬಾಯಲ್ಲಿ ಮರಿ ಹೊತ್ತ ಒಂದೇ ಒಂದು ಹೆಣ್ಣು ತೂಬಿನ ಸಂದಿನಿಂದ ಹೊರಕ್ಕೆ ಹೋದರೆ, ನೆರೆಯವರ ಗಜನಿಯಲ್ಲಿ ಒಂದು ಹೊಸ ಸಂತಾನವೇ ಬೇರೂರುವುದು. ಅಲ್ಲಿ ಅದಕ್ಕೆ ಗಂಡಿನ ಅಗತ್ಯವೂ ಕೂಡಲೇ ಬೀಳದು. ಗಜನಿಯು ಊರಿನ ಹಲವರ ಜೀವನೋಪಾಯವಾದುದರಿಂದ, ಒಬ್ಬನ ಆತುರವು ಎಲ್ಲರ ನಷ್ಟವಾಗಬಾರದು. ಮೀನುಗಾರಿಕೆ ಇಲಾಖೆಯವರ ಅನುಮತಿಯಿಲ್ಲದೆ ಯಾವ ಬಗೆಯ ತಿಲಾಪಿಯವನ್ನೂ ಕೆರೆಗಾಗಲಿ ಹೊಳೆಗಾಗಲಿ ಅಳಿವೆಗಾಗಲಿ ಬಿಡಕೂಡದು. ಊರಿನ ಮುಖ್ಯಸ್ಥರು ಈ ವಿಷಯವನ್ನು ಗ್ರಾಮಸ್ಥರಿಗೆ ತಿಳಿಯಹೇಳಬೇಕು.

ಸಾರಾಂಶ

1. ಕಪ್ಪು ಮೈ, ಬಿಳಿ ಗಂಟಲು, ಕೆಂಪು ಅಂಚು, ಹಿಗ್ಗಿದ ದವಡೆ: ಗಂಡು.
2. ಬೆಳ್ಳಿಬೂದು ಮೈ, ಪಕ್ಕೆಯ ಮಚ್ಚೆ, ಚಿಕ್ಕ ದವಡೆ: ಬಹುಶಃ ಹೆಣ್ಣು, ಗಂಟಲು ಜೋಲಿದ್ದರೆ ನಿಶ್ಚಯವಾಗಿ ತಾಯಿ.
3. ಸಂದೇಹವಿದ್ದಲ್ಲಿ ರಂಧ್ರಗಳನ್ನು ಎಣಿಸತಕ್ಕದ್ದು. ಎರಡಾದರೆ ಗಂಡು, ಮೂರಾದರೆ ಹೆಣ್ಣು.
4. ಚಿಕ್ಕದೆಂಬ ಮಾತ್ರಕ್ಕೆ ಮರಿಯೆಂದು ಭಾವಿಸಬಾರದು. ಪರೀಕ್ಷಿಸದೆ ಮರಳಿ ನೀರಿಗೆ ಬಿಡಬಾರದು.
5. ಸಂದಣಿಯನ್ನು ಇಳಿಸುವಾಗ ತಾಯಿ ಮೀನುಗಳನ್ನು ಮೊದಲು ತೆಗೆಯಬೇಕು.
6. ಅನುಮತಿಯಿಲ್ಲದೆ ಹೊಸ ನೀರಿಗೆ ಈ ಮೀನನ್ನು ಬಿಡಕೂಡದು.

ಬಲೆಯನ್ನೆಳೆದ ದಿನ ಬುಟ್ಟಿಯಿಂದ ಹತ್ತು ಮೀನುಗಳನ್ನು ಎತ್ತಿ, ಹೊಟ್ಟೆ ಮೇಲಾಗಿ ತಿರುಗಿಸಿ ನೋಡುವುದಕ್ಕೆ ಕಾಲು ಗಂಟೆಯೂ ಹಿಡಿಯದು. ಅಷ್ಟು ಶ್ರಮವನ್ನು ವಹಿಸಿದ ಹಿಡುವಳಿದಾರನಿಗೆ ತನ್ನ ನೀರಿನಲ್ಲಿರುವುದು ಬೆಳೆಯುವ ಮೀನೋ ಬರಿಯ ಸಂತಾನವೋ ಎಂಬುದು ಆ ದಿನವೇ ತಿಳಿಯುವುದು.